ಸಹಿ ಹಾಕುವ ಮುನ್ನ



ಹತ್ತೊಂಬತ್ತನೆಯ ಶತಮಾನದಲ್ಲಿ ಲಿಂಗಸುಗೂರು ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ಛಾವಣಿಯಾಗಿತ್ತು. ಆ ಕಾಲದ ಬ್ರಿಟಿಷ್ ಸೈನ್ಯದಲ್ಲಿ, ಕರಾರಿನ ಅವಧಿ ಮುಗಿಯುವ ಮೊದಲೇ ಹೊರಬರಲು ಬಯಸಿದ ಸೈನಿಕ ನಿಗದಿತ ಹಣ ಕಟ್ಟಿ ಬಿಡುಗಡೆ ಪಡೆಯಬಹುದಿತ್ತು. ಇಂದು ಇದೇ ಊರಿನಿಂದ ಸೇನೆಗೆ ಸೇರಬಯಸುವ ನೀವು ಕೇಳಬೇಕಾದ ಪ್ರಶ್ನೆಯೂ ಅದೇ: ನಡುವೆ ಬಿಟ್ಟರೆ ಏನು ತೆರಬೇಕು?

2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ 4 ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 9,000 ಸೇವಾನಿಧಿಗೆ ಹೋಗುತ್ತದೆ. ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಅವಧಿ ಮುಗಿಸಿದರೆ ಎರಡೂ ಪಾಲು ಕೂಡಿ ಸುಮಾರು 10.04 ಲಕ್ಷ, ಬಡ್ಡಿ ಬೇರೆ. ಸ್ವಂತ ಇಚ್ಛೆಯಿಂದ ನಡುವೆ ಬಿಡಲು ತೀರಾ ಅಸಾಧಾರಣ ಸಂದರ್ಭದಲ್ಲಿ ಮಾತ್ರ ಅನುಮತಿ ಉಂಟು. ಅದು ಸಿಕ್ಕರೂ ನಿಮ್ಮ ಪಾಲು ಮತ್ತು ಅದರ ಬಡ್ಡಿಯಷ್ಟೇ ಕೈಗೆ ಬರುತ್ತದೆ. ಸರ್ಕಾರದ ಪಾಲು ಬರುವುದಿಲ್ಲ.

ಅಧಿಕಾರಿಯಾಗಲು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರುವವರಿಗೆ ಇನ್ನೊಂದು ಷರತ್ತು. ಮಗ ಅಥವಾ ಮಗಳು ತನ್ನ ಕೈಯಲ್ಲಿದ್ದ ಕಾರಣಕ್ಕೆ ತರಬೇತಿ ಬಿಟ್ಟರೆ, ವೆಚ್ಚ ಹಿಂತಿರುಗಿಸುವುದಾಗಿ ಪಾಲಕರು ಮೊದಲೇ ಬರೆದುಕೊಡಬೇಕು. ಬಿಡುವ ಮನಸ್ಸು ನಿಮ್ಮದು. ಹೊರೆ ಮಾತ್ರ ಮನೆಯವರ ಮೇಲೆ.

ದೇಶಸೇವೆಯ ಹಂಬಲ ದೊಡ್ಡದು. ಆದ್ದರಿಂದಲೇ ಕರಾರಿನ ಸಣ್ಣ ಅಕ್ಷರಗಳನ್ನು ಅಪ್ಪ, ಅವ್ವನಿಗೆ ಓದಿ ಹೇಳಿ. ಸಹಿ ಆಮೇಲೆ ಹಾಕಿ.