ಶಸ್ತ್ರವೈದ್ಯರ ಕೈ, ಕ್ಯಾಮೆರಾದ ಕಣ್ಣು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ವರ್ಷಗಟ್ಟಲೆ ನಿಂತೇ ದುಡಿದ ನಮ್ಮವರಲ್ಲಿ ಮೊಣಕಾಲು ಸವೆದವರು ಹಲವರು. ಆ ಕೀಲನ್ನು ಬದಲಿಸುವಾಗ ಎಲುಬನ್ನು ಓರೆಯಾಗದಂತೆ ಕೊಯ್ಯಬೇಕು. ಕೊಯ್ಯುವ ಕೈಗೆ ಕ್ಯಾಮೆರಾ ಮತ್ತು ಕಂಪ್ಯೂಟರಿನ ನೆರವು ಕೊಡಬಹುದೆಂದು ಫ್ರಾನ್ಸಿನ ಗ್ರೆನೋಬಲ್ ನಗರದ ವೈದ್ಯರು 1997ರಲ್ಲಿ ಮಾಡಿ ತೋರಿಸಿದರು.

ಇದರ ಮರ್ಮವೇನು? ಈಗ ಬಳಕೆಯಲ್ಲಿರುವ ಬಗೆಯಲ್ಲಿ, ಉಪಕರಣದ ಹಿಡಿಗೆ ಬೆಳಕನ್ನು ಪ್ರತಿಫಲಿಸುವ ಮೂರು ನಾಲ್ಕು ಪುಟ್ಟ ಗುಂಡುಗಳಿರುತ್ತವೆ. ರೋಗಿಯ ಎಲುಬಿಗೂ ಅಂಥದೇ ಚೌಕಟ್ಟನ್ನು ಬಿಗಿದಿರುತ್ತಾರೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಎರಡು ಕ್ಯಾಮೆರಾಗಳು ಇವನ್ನು ನೋಡುತ್ತವೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಳೆಯುವಂತೆ, ಕಂಪ್ಯೂಟರು ಗುಂಡುಗಳ ನೆಲೆಯನ್ನು ಮಿಲಿಮೀಟರಿಗಿಂತಲೂ ಸೂಕ್ಷ್ಮವಾಗಿ ಲೆಕ್ಕ ಹಾಕುತ್ತದೆ. ಗುಂಡುಗಳಿಂದ ಉಪಕರಣದ ತುದಿಗಿರುವ ಅಂತರವನ್ನು ಮೊದಲೇ ಅಳೆದಿಟ್ಟಿರುವುದರಿಂದ, ತುದಿ ಎಲ್ಲಿದೆಯೆಂಬುದು ತೆರೆಯ ಮೇಲೆ ಕಾಣುತ್ತದೆ.

ಆದರೆ ಬಂಧುಗಳೇ, ನಡುವೆ ಯಾರಾದರೂ ಅಡ್ಡ ನಿಂತರೆ ಈ ಕಣ್ಣು ಕುರುಡು. ಅದು ಕೂಡಲೇ ಗೊತ್ತಾಗುತ್ತದೆ. ಗುಂಡಿಗೆ ರಕ್ತ ಮೆತ್ತಿದರೆ, ತುದಿ ಬಾಗಿದ್ದರೆ, ಚೌಕಟ್ಟು ಸಡಿಲಿದರೆ ಬರುವ ಅಪಾಯವೇ ದೊಡ್ಡದು. ತೆರೆ ಆಗ ತಪ್ಪನ್ನೂ ಸರಿಯೆಂಬಂತೆ ತೋರಿಸೀತು. ಅದಕ್ಕೇ ಬಲ್ಲ ವೈದ್ಯರು ಎಲುಬಿನ ಮೇಲೆ ಗೊತ್ತಿರುವ ಒಂದು ಜಾಗಕ್ಕೆ ತುದಿಯನ್ನು ಮುಟ್ಟಿಸಿ ಮತ್ತೆ ಮತ್ತೆ ತಾಳೆ ನೋಡುತ್ತಾರೆ. ಗೇಜನ್ನು ಪರೀಕ್ಷಿಸದೆ ಲೇತಿಗೆ ಕೈ ಹಚ್ಚದ ನಮಗೆ ಈ ಎಚ್ಚರ ಹೊಸದಲ್ಲ.

ಯಂತ್ರ ದಾರಿ ತೋರುತ್ತದೆ. ಕೊಯ್ಯುವ ಹೊಣೆ ಕೈಯದು. ಚಿಕಿತ್ಸೆಗೆ ಹೋದಾಗ ಯಂತ್ರದ ಹೆಸರಿಗೆ ಮರುಳಾಗದೆ, ಆ ಕೈಯ ಅನುಭವವೆಷ್ಟೆಂದು ವಿನಯದಿಂದಲೇ ಕೇಳೋಣ. ಇಷ್ಟು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.