ಬಾಲ ನೋಡಿ ಬಳಗ

ಕುಮಟಾದ ಮೀನುಪೇಟೆಯಲ್ಲಿ ಬಂಗಡೆ ಬುಟ್ಟಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಬಾಲದ ಹತ್ತಿರ ಬೆನ್ನಿನ ಕಡೆ ಐದು, ಹೊಟ್ಟೆಯ ಕಡೆ ಐದು ಪುಟಾಣಿ ರೆಕ್ಕೆಗಳಿರುತ್ತವೆ. ಪಕ್ಕದ ಬುಟ್ಟಿಯ ಇಸ್ವಾಣಕ್ಕೂ ಅಂಥವೇ ಇವೆ, ಲೆಕ್ಕ ಮಾತ್ರ ಹೆಚ್ಚು. ಬೆಲೆಯಲ್ಲಿ ಅಜಗಜಾಂತರ; ಆದರೂ ಜೀವಶಾಸ್ತ್ರಜ್ಞರ ಪ್ರಕಾರ ಇಬ್ಬರೂ ಒಂದೇ ಕುಟುಂಬ! ತಾರ್ಲೆಗೆ ಈ ಪುಟಾಣಿ ರೆಕ್ಕೆಗಳಿಲ್ಲ, ಬೆನ್ನಿಗೆ ಒಂದೇ ರೆಕ್ಕೆ. ಹಾಗಾಗಿ ಅದರ ಮನೆತನವೇ ಬೇರೆ.

ಆದರೆ ರೂಪ ನಂಬಿ ಮೋಸಹೋದವರೂ ಇದ್ದಾರೆ. ಜೀವಿಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದ ಸ್ವೀಡನ್ನಿನ ಲಿನೇಯಸ್, 1735ರ ತನ್ನ ಪಟ್ಟಿಯಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳನ್ನು ಮೀನುಗಳ ಸಾಲಿಗೇ ಸೇರಿಸಿದ್ದ. ಬಿಸಿರಕ್ತ, ಶ್ವಾಸಕೋಶ, ಮರಿಗೆ ಮೊಲೆಹಾಲು. ಇವನ್ನೆಲ್ಲ ಗಮನಿಸಿ 1758ರಲ್ಲಿ ಸಸ್ತನಿಗಳ ಸಾಲಿಗೆ ತಂದ. ತಿದ್ದಿಕೊಳ್ಳಲು ನಾಚದ ಪಂಡಿತರು ನನಗೆ ಇಷ್ಟ.

ಭಟ್ಕಳದ ಕಡಲಲ್ಲೋ ಹೊನ್ನಾವರದ ಅಳಿವೆಯ ಆಚೆಗೋ ಡಾಲ್ಫಿನ್ ಜಿಗಿದರೆ ಬಾಲ ಗಮನಿಸಿ. ಮೀನಿನ ಬಾಲ ನೆಟ್ಟಗೆ ನಿಂತು ಎಡಬಲಕ್ಕೆ ಬೀಸುತ್ತದೆ. ಡಾಲ್ಫಿನ್‌ನದು ಅಡ್ಡಬಾಲ, ಮೇಲೆ ಕೆಳಗೆ ಬಡಿಯುತ್ತದೆ.