ಚಿಕಿತ್ಸೆ ಮುಗಿಸಿ ಊರಿಗೆ ಬಂದವರು



ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ, ಕ್ಯಾನ್ಸರ್ ಗುಣಪಡಿಸಿಕೊಂಡು ಬಂದವರು ನಮ್ಮ ನಡುವೆ ಇದ್ದಾರೆ. ಊರಿಗೆ ಬಂದ ಮೇಲೆ ಅವರಿಗೆ ದಿನನಿತ್ಯ ಸಿಗುವವರು ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರು. ಯಾವ ಚಿಕಿತ್ಸೆ ಆಗಿದೆ, ಮುಂದೆ ಏನು ನೋಡಬೇಕು ಎಂಬುದು ಅವರಿಗೂ ಗೊತ್ತಿರಬೇಕು.

ಕುತ್ತಿಗೆಗೆ ಕರೆಂಟು ಕೊಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ಪರೀಕ್ಷೆ ಬೇಕು. ಸ್ತನ ಕ್ಯಾನ್ಸರಿಗೆ ಹಾರ್ಮೋನ್ ಮಾತ್ರೆ ಬರೆದಿದ್ದರೆ ಸಾಮಾನ್ಯವಾಗಿ 5 ವರ್ಷವಾದರೂ ನುಂಗಬೇಕು. ಆರಾಮಿದ್ದೇನೆ ಎಂದು ತಾವೇ ನಿಲ್ಲಿಸಬಾರದು. ಆಪರೇಷನ್ ಆದ ಕಡೆಯ ಕೈ ಊದಿದರೆ ಕೂಡಲೇ ತೋರಿಸಬೇಕು.

ಡಿಸ್ಚಾರ್ಜ್ ಚೀಟಿಯ ಒಂದು ಜೆರಾಕ್ಸ್ ಆರೋಗ್ಯ ಕೇಂದ್ರಕ್ಕೆ ಕೊಡಿ. ಇಂಗ್ಲಿಷಿನ ಆ ಚೀಟಿಯನ್ನು ಓದಲಾಗದವರ ಮನೆಗೆ ಹೋಗಿ, ಕನ್ನಡದಲ್ಲಿ ಬಿಡಿಸಿ ಹೇಳೋಣ. ಈ ಶಾಲೆ ನಮಗೆ ಅಕ್ಷರ ಕಲಿಸಿದ್ದು ಇದಕ್ಕೂ ಹೌದು.